ರಸಿಗೆ ನಿಲ್ಲದ ಕಾಲು: ಕಾರಟಗಿ ಸೀಮೆಯ ರೈತರೊಬ್ಬರ ಎಲುಬಿನ ಸೋಂಕು

ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಂದು ಕಾರಟಗಿ, ಗಂಗಾವತಿ ಸುತ್ತ ಭತ್ತದ ನಾಟಿ ಜೋರಾಗಿದ್ದ ಆಗಸ್ಟ್ ತಿಂಗಳ ಒಂದು ಸಂಜೆ. ಗದ್ದೆ ಕೆಸರು ಮಾಡುತ್ತಿದ್ದ ಟ್ರ್ಯಾಕ್ಟರ್ ಬದು ಹತ್ತುವಾಗ ಒಂದು ಕಡೆಗೆ ವಾಲಿತು. ಓಡಿಸುತ್ತಿದ್ದ 41 ವರ್ಷದ ರೈತರು ಕೆಳಕ್ಕೆ ಬಿದ್ದರು. ಕೆಸರಿಗೆಂದು ಹಾಕಿದ್ದ ಕಬ್ಬಿಣದ ಗಾಲಿ ಅವರ ಬಲಗಾಲನ್ನು ಒತ್ತಿ ನಿಂತಿತು. ಮೊಣಕಾಲಿನ ಕೆಳಗಿನ ದಪ್ಪ ಎಲುಬು, ಅಂದರೆ ಟಿಬಿಯಾ, ನಡುಮಧ್ಯದಲ್ಲಿ ಮುರಿದು ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಗೇಣುದ್ದದ ಗಾಯ. ಎಲುಬಿನ ತುದಿಗೆ ಗದ್ದೆಯ ಕಪ್ಪು ಕೆಸರು ಮೆತ್ತಿಕೊಂಡಿತ್ತು.

ಅಲ್ಲಿಂದ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಆ ಕಾಲಿನಲ್ಲಿ ಏನೇನು ನಡೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಪ್ಪಳ ಜಿಲ್ಲೆಯಲ್ಲಿ ಎಲುಬಿನ ವೈದ್ಯನಾಗಿರುವ ನನ್ನ ಕೈಗೆ ಅವರು ಬಂದದ್ದು ಐದು ತಿಂಗಳ ನಂತರ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲು ಹೋದ ಆಸ್ಪತ್ರೆಗೆ ತಲುಪುವಷ್ಟರಲ್ಲಿ ನಾಲ್ಕು ತಾಸು ಕಳೆದಿತ್ತು. ಅಲ್ಲಿ ಗಾಯ ತೊಳೆದು, ಟಿಟಿ ಇಂಜೆಕ್ಷನ್ ಕೊಟ್ಟು, ಚರ್ಮವನ್ನು ಎಳೆದು ಹೊಲಿಗೆ ಹಾಕಿದರು. ನಾಲ್ಕನೇ ದಿನ ಎಲುಬಿನ ಕೊಳವೆಯೊಳಗೆ ರಾಡ್ ಹಾಕಿದರು. ಇಂಥ ಗಾಯಕ್ಕೆ ಗಸ್ಟಿಲೊ ವರ್ಗೀಕರಣದಲ್ಲಿ 3ಬಿ ಎನ್ನುತ್ತೇವೆ. ಸತ್ತ ಮಾಂಸ ತೆಗೆದ ಮೇಲೆ ಎಲುಬನ್ನು ಮುಚ್ಚುವಷ್ಟು ಚರ್ಮ, ಮಾಂಸ ಅಲ್ಲೇ ಉಳಿದಿರುವುದಿಲ್ಲ ಎಂದು ಅದರ ಅರ್ಥ. ಮೊದಲ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಆದಷ್ಟು ಬೇಗ, ಸಾಧ್ಯವಾದರೆ ಒಂದು ತಾಸಿನೊಳಗೆ ಬೀಳಬೇಕು. ಸತ್ತದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಕೆಲವೇ ದಿನಗಳಲ್ಲಿ ಜೀವಂತ ಮಾಂಸದಿಂದ ಎಲುಬನ್ನು ಮುಚ್ಚಬೇಕು. ಬಿಗಿಯಾಗಿ ಎಳೆದ ಹೊಲಿಗೆಯ ಅಡಿಯಲ್ಲಿ ಕೆಸರೂ ಸತ್ತ ಮಾಂಸವೂ ಉಳಿದರೆ ರಾಡ್‌ಗಿಂತ ಮೊದಲು ಕೀಟಾಣು ಮನೆ ಮಾಡುತ್ತದೆ. ಆ ರಾತ್ರಿ ಅಲ್ಲಿದ್ದವರನ್ನು ದೂರುವುದು ನನಗೆ ಸುಲಭ. ಆದರೆ ಪ್ಲಾಸ್ಟಿಕ್ ಸರ್ಜನ್ ಹತ್ತಿರದಲ್ಲಿಲ್ಲದ ಊರಿನಲ್ಲಿ ಒಬ್ಬರೇ ಡ್ಯೂಟಿ ಮಾಡುವುದು ಹೇಗಿರುತ್ತದೆ ಎಂದು ಗೊತ್ತಿರುವುದರಿಂದ ಆ ಮಾತನ್ನು ಮುಂದುವರಿಸುವುದಿಲ್ಲ.

ಹತ್ತೊಂಬತ್ತನೇ ದಿನ ಹೊಲಿಗೆಯ ಸಂದಿಯಿಂದ ರಸಿಗೆ ಬರಲು ಶುರುವಾಯಿತು. ಆಮೇಲಿನ ಐದು ತಿಂಗಳಲ್ಲಿ ಐದು ಬಗೆಯ ಆ್ಯಂಟಿಬಯೋಟಿಕ್. ಗುಳಿಗೆ ನುಂಗಿದಾಗ ರಸಿಗೆ ಕಡಿಮೆಯಾಗುತ್ತಿತ್ತು, ಬಿಟ್ಟ ಹತ್ತು ದಿನಕ್ಕೆ ಮತ್ತೆ ಸೋರುತ್ತಿತ್ತು. ನಡುವೆ ಎರಡು ಸಲ ಗಾಯದ ಬಾಯಿಂದ ಹತ್ತಿಯಲ್ಲಿ ಒರೆಸಿ, ಕೀಟಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಕಳಿಸಿದ್ದರು. ಒಂದರಲ್ಲಿ ಏನೂ ಬೆಳೆಯಲಿಲ್ಲ, ಇನ್ನೊಂದರಲ್ಲಿ ಚರ್ಮದ ಮೇಲಿರುವ ಕೀಟಾಣು ಬೆಳೆದಿತ್ತು. ಎರಡೂ ಸಲ ರೋಗಿ ಗುಳಿಗೆಯ ಮೇಲಿದ್ದರು, ಹಾಗಾಗಿ ಎರಡೂ ವರದಿಗೆ ಬೆಲೆ ಇರಲಿಲ್ಲ.

ಜನವರಿ ಕೊನೆಗೆ ನಮ್ಮ ಒಪಿಡಿಗೆ ಬಂದಾಗ ಜೊತೆಯಲ್ಲಿ ತಾಯಿ ಇದ್ದರು. ಮಗನಿಗಿಂತ ಮೊದಲು ಅವರೇ ಮಾತಾಡಿದರು. "ಅಂವಗ ರಕ್ತ ಕೆಟ್ಟೈತ್ರಿ ಡಾಕ್ಟ್ರ. ನಂಜಾಗಬಾರದಂತ ಬದ್ನಿಕಾಯಿ, ತತ್ತಿ, ಶೇಂಗಾ ಏನೂ ಮುಟ್ಟಗೊಟ್ಟಿಲ್ರಿ. ಬರೇ ಅನ್ನ ಸಾರು. ಆದ್ರೂ ಯಾಕ ಆರವಲ್ದು?" ಮಗ ತಲೆ ತಗ್ಗಿಸಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದ್ದು ಒಂದೇ ಮಾತು: "ನನ್ನ ಮೈಯಾಗ ಜಡ್ಡಿನ ಜೊತಿ ಜಗಳಾಡೋ ಶಕ್ತಿನ ಇಲ್ಲೇನ್ರಿ ಸರ?"

ಈ ಪ್ರಶ್ನೆಗೆ ಕೊಡಬೇಕಾದ ಉತ್ತರವೇ ಚಿಕಿತ್ಸೆಯ ದಾರಿಯನ್ನೂ ತೋರಿಸುತ್ತದೆ. ಅದಕ್ಕೇ ಈ ಪ್ರಕರಣವನ್ನು ಬರೆಯಬೇಕೆನಿಸಿತು.

ಕಾಲಿನ ಮುಂಭಾಗದಲ್ಲಿ ರಾಗಿ ಕಾಳಿನಷ್ಟು ತೂತು. ಸುತ್ತ ಚರ್ಮ ಕಂದುಬಣ್ಣಕ್ಕೆ ತಿರುಗಿ ಎಲುಬಿಗೆ ಅಂಟಿತ್ತು. ಒತ್ತಿದರೆ ಒಂದು ಹನಿ ಹಳದಿ ಕೀವು. ಜ್ವರ ಇಲ್ಲ. ಎಕ್ಸ್‌ರೇಯಲ್ಲಿ ಮುರಿದ ಜಾಗ ಕೂಡಿರಲಿಲ್ಲ, ರಾಡ್ ಸುತ್ತ ಕಪ್ಪು ಗೆರೆ ಇತ್ತು, ಅಂದರೆ ಅದು ಸಡಿಲಾಗಿತ್ತು. ಮುರಿದ ಜಾಗದಲ್ಲೇ ಸುತ್ತಲಿನ ಎಲುಬಿಗಿಂತ ಬೆಳ್ಳಗೆ ಕಾಣುವ ಒಂದು ತುಂಡು ಬೇರೆಯಾಗಿ ನಿಂತಿತ್ತು. ರಕ್ತ ಹರಿಯದೆ ಸತ್ತ ಎಲುಬು ಹಾಗೆ ಕಾಣುತ್ತದೆ. ಬಿಳಿ ರಕ್ತಕಣಗಳ ಎಣಿಕೆ 9,200, ಅದು ಸರಿಯಾಗಿಯೇ ಇತ್ತು. ಮೈಯಲ್ಲಿ ಉರಿಯೂತ ಇದೆಯೇ ಎಂದು ಹೇಳುವ ಎರಡು ರಕ್ತಪರೀಕ್ಷೆಗಳಲ್ಲಿ ಇಎಸ್‌ಆರ್ 64, ಅದು ಏರಿತ್ತು. ಸಿಆರ್‌ಪಿ 18, ಇಂಥ ಹಳೆಯ ಸೋಂಕಿನಲ್ಲಿ ಅದು ಹೆಚ್ಚೇನೂ ಏರುವುದಿಲ್ಲ. ಯಾರೂ ಅದುವರೆಗೆ ನೋಡಿರದ ಎರಡು ಅಂಕಿಗಳು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿದವು. ಮೂರು ತಿಂಗಳ ಸಕ್ಕರೆ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಇತ್ತು, ಅವರಿಗೆ ಸಕ್ಕರೆ ಕಾಯಿಲೆ ಇರುವುದು ಅವತ್ತೇ ಗೊತ್ತಾಯಿತು. ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್ 2.8 ಇತ್ತು, ಅದು 3.5ಕ್ಕಿಂತ ಮೇಲಿರಬೇಕು.

ಕಣಗಳ ಎಣಿಕೆ ಸರಿ ಇದೆ, ಅಂದರೆ ಸೈನ್ಯವಿದೆ. ಕಾಳಗ ನಡೆಯುತ್ತಿರುವ ಜಾಗದಲ್ಲಿ ಆ ಸೈನ್ಯಕ್ಕೆ ಕಾಲೂರಲು ನೆಲವಿಲ್ಲ. ಅವರಿಗೆ ಅಂದು ನಾನು ಹೇಳಿದ್ದು ಇಷ್ಟು. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲುಬಿನೊಳಗೆ ನಡೆದದ್ದು

ಎಲುಬು ಮುರಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೊದಲ ಕೆಲವು ತಾಸುಗಳಲ್ಲೇ ಓಡಿ ಬರುವವು ನ್ಯೂಟ್ರೋಫಿಲ್‌ಗಳು. ನಮ್ಮ ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ದೊಡ್ಡವರ ಎಲುಬಿನೊಳಗಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ, ಹೆಚ್ಚಿನವು ಒಂದೆರಡು ದಿನವೂ ಬಾಳುವುದಿಲ್ಲ. ಕೀಟಾಣುವನ್ನು ನುಂಗಿ, ಹೊಟ್ಟೆಯೊಳಗಿನ ಚೀಲಗಳಲ್ಲಿರುವ ತೀಕ್ಷ್ಣ ರಸಾಯನಗಳಿಂದ ಕೊಂದು, ತಾವೂ ಸಾಯುತ್ತವೆ. ಕೀವು ಎಂದರೆ ಬಹುಪಾಲು ಹೀಗೆ ಸತ್ತ ನ್ಯೂಟ್ರೋಫಿಲ್‌ಗಳ ರಾಶಿ. ಅವುಗಳ ಹಿಂದೆ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಉಳಿದ ಕೀಟಾಣುವನ್ನೂ ಸತ್ತ ನ್ಯೂಟ್ರೋಫಿಲ್‌ಗಳನ್ನೂ ತಿಂದು, ಜಗಳ ಮುಗಿಯಿತು, ಕಟ್ಟುವ ಕೆಲಸ ಶುರು ಮಾಡಿ ಎಂಬ ಸಂದೇಶ ಕೊಡುವವು ಅವೇ. ಸೋಂಕಿಲ್ಲದ ಮುರಿತದಲ್ಲಿ ಈ ಮೊದಲ ಉರಿಯೂತ ಒಂದೆರಡು ವಾರದಲ್ಲಿ ತಣ್ಣಗಾಗಿ, ಮೆತ್ತನೆಯ ಗಂಟು, ಆಮೇಲೆ ಗಟ್ಟಿ ಎಲುಬು ಬೆಳೆಯುತ್ತದೆ. ಆ ಉರಿಯೂತ ಇಲ್ಲದಿದ್ದರೆ ಎಲುಬು ಸರಿಯಾಗಿ ಕೂಡುವುದಿಲ್ಲ. ಊತ ಬಂತೆಂದು ಹೆದರುವ ಎಲ್ಲರಿಗೂ ಈ ಮಾತು ಹೇಳುತ್ತೇನೆ.

ಇವರ ಕಾಲಿನಲ್ಲಿ ಎರಡು ವಸ್ತುಗಳು ಸೇರಿಕೊಂಡಿದ್ದವು: ಸತ್ತ ಎಲುಬಿನ ತುಂಡು ಮತ್ತು ಕಬ್ಬಿಣದ ರಾಡ್. ಎರಡರಲ್ಲೂ ರಕ್ತನಾಳ ಇಲ್ಲ. ರಕ್ತದಲ್ಲಿ ಬರುವ ಕಣವೂ ರಕ್ತದಲ್ಲಿ ಬರುವ ಔಷಧವೂ ಅವುಗಳ ಹೊರಗಿನ ಅಂಚಿಗೆ ಬಂದು ನಿಲ್ಲುತ್ತವೆ. ಇಂಥ ಪರಕೀಯ ವಸ್ತು ಎಷ್ಟು ಕೆಡುಕು ಮಾಡಬಲ್ಲದು ಎಂಬುದನ್ನು 1957ರಲ್ಲೇ ಎಲೆಕ್ ಮತ್ತು ಕೋನೆನ್ ಎಂಬಿಬ್ಬರು ತೋರಿಸಿದ್ದರು. ಸ್ವಯಂಸೇವಕರ ಚರ್ಮದಲ್ಲಿ ಕೀವಾಗಲು ಲಕ್ಷಗಟ್ಟಲೆ ಸ್ಟ್ಯಾಫಿಲೋಕಾಕಸ್ ಕೀಟಾಣು ಬೇಕಾಗುತ್ತಿತ್ತು. ಒಂದು ರೇಷ್ಮೆ ಹೊಲಿಗೆ ದಾರ ಒಳಗಿದ್ದರೆ ಕೆಲವು ನೂರು ಸಾಕಾಯಿತು. ಹೊಲಿಗೆ ದಾರಕ್ಕೇ ಹಾಗಾದರೆ ಒಂದಡಿ ಉದ್ದದ ರಾಡ್‌ಗೆ ಏನಾದೀತು ಎಂದು ಯೋಚಿಸಿ.

ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಈ ಕೀಟಾಣು ಲೋಹಕ್ಕೆ ಅಂಟಿಕೊಂಡು, ತನ್ನ ಸುತ್ತ ಲೋಳೆಯ ಪೊರೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬಯೋಫಿಲ್ಮ್ ಎಂದು ಹೆಸರು. ತುಂಬಿದ ಕೆರೆಯ ಕಲ್ಲಿನ ಮೇಲೆ ಕೈಯಾಡಿಸಿದರೆ ಜಾರುವ ಪಾಚಿ ಇರುತ್ತದಲ್ಲ, ಅದರ ಜಾತಿಯದೇ. ಒಳಗಿರುವ ಕೀಟಾಣು ನಿಧಾನವಾಗಿ, ಬಹುತೇಕ ಮಲಗಿದಂತೆ ಬದುಕುತ್ತದೆ. ಬೆಳೆಯುವ ಕೀಟಾಣುವನ್ನೇ ಕೊಲ್ಲುವ ಔಷಧಗಳಿಗೆ ಅದು ಸಿಕ್ಕುವುದಿಲ್ಲ. ನ್ಯೂಟ್ರೋಫಿಲ್ ಬಂದು ಪೊರೆಯನ್ನು ತಬ್ಬಿಕೊಳ್ಳುತ್ತದೆ, ಆದರೆ ತನಗಿಂತ ಸಾವಿರಪಟ್ಟು ದೊಡ್ಡದನ್ನು ನುಂಗುವುದು ಹೇಗೆ? ನುಂಗಲಾಗದೆ ತನ್ನ ರಸಾಯನವನ್ನು ಹೊರಗೇ ಚೆಲ್ಲುತ್ತದೆ. ಅದರಿಂದ ಸುಡುವುದು ಪಕ್ಕದ ಒಳ್ಳೆಯ ಮಾಂಸ.

ನ್ಯೂಟ್ರೋಫಿಲ್ ಬಳಿ ಇನ್ನೊಂದು ಉಪಾಯವಿದೆ, 2004ರಲ್ಲಿ ಬರ್ಲಿನ್‌ನ ಸಂಶೋಧಕರು ಅದನ್ನು ಕಂಡರು. ತನ್ನದೇ ಡಿಎನ್‌ಎಯನ್ನು ಬಲೆಯಂತೆ ಹೊರಗೆ ಬೀಸಿ ಕೀಟಾಣುವನ್ನು ಸಿಕ್ಕಿಸುತ್ತದೆ. ಆದರೆ ಆರಿಯಸ್‌ಗೆ ಆ ಬಲೆಯನ್ನು ಕತ್ತರಿಸುವ ಕಿಣ್ವವಿದೆ. ಕತ್ತರಿಸಿ ಬಿಟ್ಟರೂ ಸರಿಹೋಗುತ್ತಿತ್ತೇನೋ. ಕತ್ತರಿಸಿದ ಎಳೆಗಳನ್ನೇ ಇನ್ನೊಂದು ಕಿಣ್ವದಿಂದ ವಿಷವಾಗಿ ಮಾರ್ಪಡಿಸಿ, ಹತ್ತಿರ ಬರುವ ಮ್ಯಾಕ್ರೋಫೇಜ್‌ಗಳನ್ನು ಕೊಲ್ಲುತ್ತದೆ ಎಂದು 2013ರಲ್ಲಿ ತಿಳಿದುಬಂತು. ನಮ್ಮ ಕಣ ಬೀಸಿದ ಬಲೆಯಿಂದಲೇ ನಮ್ಮ ಇನ್ನೊಂದು ಕಣಕ್ಕೆ ವಿಷ. ಇದನ್ನು ಓದಿದ ದಿನ ನನಗೆ ಆದ ಬೆರಗು ಇನ್ನೂ ಹೋಗಿಲ್ಲ.

ದಿನ ಕಳೆದಂತೆ ಜಗಳದ ಸ್ವಭಾವವೇ ಬದಲಾಗುತ್ತದೆ. ಪೊರೆಯ ಸುತ್ತ ಸೇರಿದ ಮ್ಯಾಕ್ರೋಫೇಜ್‌ಗಳು ಕೊಲ್ಲುವ ಕೆಲಸ ಬಿಟ್ಟು, ಗಾಯ ಮುಚ್ಚುವಾಗಿನ ಸಮಾಧಾನದ ಸ್ವಭಾವಕ್ಕೆ ಹೊರಳುತ್ತವೆ. ಮಜ್ಜೆಯಿಂದ ಇನ್ನೂ ಪಕ್ವವಾಗದ ಒಂದು ಜಾತಿಯ ಕೋಶಗಳು ಬಂದು ಐಎಲ್-10 ಎಂಬ ಸಂಕೇತವನ್ನು ಹರಡುತ್ತವೆ. ಅದರ ಅರ್ಥ "ಸಾಕು, ನಿಲ್ಲಿಸಿ". ಟಿ ಕೋಶಗಳೆಂಬ ಬಿಳಿ ರಕ್ತಕಣಗಳೂ ಮಂಕಾಗುತ್ತವೆ. ಇಲಿಗಳಲ್ಲಿ ಇಂಪ್ಲಾಂಟ್ ಸೋಂಕನ್ನು ಮಾಡಿ ನೋಡಿದ ಪ್ರಯೋಗಗಳಲ್ಲಿ ಈ ತಡೆಯುವ ಕೋಶಗಳನ್ನು ಕಡಿಮೆ ಮಾಡಿದಾಗ ಕೀಟಾಣುವೂ ಕಡಿಮೆಯಾಯಿತು. ನಮ್ಮ ರೈತರಿಗೆ ಜ್ವರ ಬಾರದೆ, ಸಿಆರ್‌ಪಿ ಹೆಚ್ಚು ಏರದೆ, ಕಾಲು ಮಾತ್ರ ತಿಂಗಳುಗಟ್ಟಲೆ ಸೋರುತ್ತಿದ್ದದ್ದು ಏಕೆ ಎಂಬುದಕ್ಕೆ ಇದೊಂದು ದೊಡ್ಡ ಕಾರಣ. ಮೈ ಸೋತಿರಲಿಲ್ಲ, ರಾಜಿಗೆ ಬಂದಿತ್ತು.

ಈ ರಾಜಿಗೆ ಬೆಲೆ ಕಟ್ಟಿದ್ದು ಎಲುಬು. ಎಲುಬನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಎಂಬ ಕೋಶ ಹುಟ್ಟುವುದು ಮ್ಯಾಕ್ರೋಫೇಜ್ ಹುಟ್ಟುವ ವಂಶದಲ್ಲೇ. ಇಬ್ಬರೂ ದಾಯಾದಿಗಳು. ಉರಿಯೂತ ಆರದೆ ಉಳಿದಾಗ ಹೊಮ್ಮುವ ಟಿಎನ್‌ಎಫ್, ಐಎಲ್-1, ಐಎಲ್-6 ಸಂಕೇತಗಳು ಹೆಚ್ಚು ಹೆಚ್ಚು ಆಸ್ಟಿಯೋಕ್ಲಾಸ್ಟ್‌ಗಳನ್ನು ಮಾಡಿಸುತ್ತವೆ. ಎಕ್ಸ್‌ರೇಯಲ್ಲಿ ರಾಡ್ ಸುತ್ತ ಕಂಡ ಕಪ್ಪು ಗೆರೆ ಅವು ಆಮ್ಲ ಸುರಿಸಿ ತಿಂದ ಎಲುಬಿನ ಗುರುತು. ಅಂದರೆ ರಾಡನ್ನು ಸಡಿಲಿಸಿದ್ದು ಕೀಟಾಣು ಒಂದೇ ಅಲ್ಲ, ನಮ್ಮದೇ ಕೋಶಗಳೂ ಹೌದು. ಸಡಿಲಾದ ರಾಡ್ ಹೆಜ್ಜೆ ಹೆಜ್ಜೆಗೆ ಅಲುಗುತ್ತದೆ, ಅಲುಗಾಟ ಹೊಸ ರಕ್ತನಾಳಗಳನ್ನು ಹರಿಯುತ್ತದೆ, ರಕ್ತವಿಲ್ಲದ ಜಾಗ ಇನ್ನಷ್ಟು ಹಿಗ್ಗುತ್ತದೆ.

ಇನ್ನೊಂದು ಅಡಗುತಾಣವನ್ನೂ ಹೇಳಬೇಕು. ಗಟ್ಟಿ ಎಲುಬಿನ ತುಂಬ ಅರ್ಧ ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ನಾಲೆಗಳು ಹರಡಿವೆ. ಆರಿಯಸ್ ಸುಮಾರು ಒಂದು ಮೈಕ್ರಾನ್ ಗುಂಡಗಿರುವ ಕೀಟಾಣು. 2017ರಲ್ಲಿ ಅಮೆರಿಕದ ರಾಚೆಸ್ಟರ್‌ನ ಸಂಶೋಧಕರು ಇಲಿಯ ಎಲುಬಿನಲ್ಲಿ ಅದು ತನ್ನ ಮೈಯನ್ನು ಹಿಂಡಿಕೊಂಡು ಈ ನಾಲೆಗಳೊಳಗೆ ನುಗ್ಗಿ ಬೆಳೆಯುವುದನ್ನು ತೋರಿಸಿದರು. ಹತ್ತು ಮೈಕ್ರಾನ್‌ಗಿಂತ ದಪ್ಪಗಿರುವ ನ್ಯೂಟ್ರೋಫಿಲ್ ಅಲ್ಲಿಗೆ ಹೋಗಲಾರದು. ಊರ ಹೆಬ್ಬಾಗಿಲಲ್ಲಿ ಪೊಲೀಸರಿದ್ದಾರೆ, ಕಳ್ಳ ಇಲಿಯ ಬಿಲದಲ್ಲಿದ್ದಾನೆ. ಇಂಥ ಎಲುಬನ್ನು ಗುಳಿಗೆಯಿಂದ ಶುದ್ಧ ಮಾಡಲಾಗದು, ಕೊಯ್ದು ತೆಗೆಯಲೇಬೇಕು.

ಇದರ ಮೇಲೆ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ನ್ಯೂಟ್ರೋಫಿಲ್ ಗಾಯದ ಕಡೆಗೆ ಸಾಗುವುದೂ ನಿಧಾನ, ನುಂಗಿದ್ದನ್ನು ಕೊಲ್ಲುವುದೂ ನಿಧಾನ. ಇನ್ನು ಆಹಾರ. ದಿನಕ್ಕೆ ಸಾವಿರಾರು ಕೋಟಿ ಕೋಶಗಳನ್ನು ಹುಟ್ಟಿಸುವ ಮಜ್ಜೆಗೆ ಪ್ರೋಟೀನ್ ಬೇಕು. ತತ್ತಿ, ಶೇಂಗಾ, ಕಾಳು ಎಲ್ಲ ನಿಲ್ಲಿಸಿ ಐದು ತಿಂಗಳು ಅನ್ನ ಸಾರಿನ ಮೇಲಿದ್ದ ಮೈಯಲ್ಲಿ ಅದು ಎಲ್ಲಿಂದ ಬರಬೇಕು? ಆ ತಾಯಿ ಪ್ರೀತಿಯಿಂದ ಮಾಡಿದ ಪಥ್ಯ ಮಗನ ಸೈನ್ಯದ ರೇಷನ್ ನಿಲ್ಲಿಸಿತ್ತು. ಗಾಯವಾದವರಿಗೆ ನಂಜು ಎಂದು ಕಾಳು ತತ್ತಿ ಬಿಡಿಸುವುದು ನಮ್ಮ ಕಡೆ ನಾನು ದಿನವೂ ಕಾಣುವ ರೂಢಿ. ಇದನ್ನು ಒಪಿಡಿಯ ಎರಡು ನಿಮಿಷದಲ್ಲಿ ಬಿಡಿಸಲಾಗದು. ಅವತ್ತು ಮಾತ್ರ ಅರ್ಧ ತಾಸು ಕೂತು ಮಾತಾಡಿದೆ. "ಅವ್ವಾರ, ನೀವು ತಪ್ಪು ಮಾಡಿಲ್ರಿ, ಯಾರೂ ನಿಮಗ ಹೇಳಿಲ್ಲ ಅಷ್ಟ" ಎಂದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಚಿಕಿತ್ಸೆ

ಮೊದಲು ಮಾಡಿದ ಕೆಲಸ ಎಲ್ಲ ಆ್ಯಂಟಿಬಯೋಟಿಕ್ ನಿಲ್ಲಿಸಿದ್ದು. ಎರಡು ವಾರ ಏನೂ ಇಲ್ಲ. ಮನೆಯವರಿಗೆ ದಿಗಿಲಾಯಿತು. ಆದರೆ ಮಲಗಿದ ಕೀಟಾಣು ಔಷಧದ ಕಾವಿನಲ್ಲಿ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ, ಕಳ್ಳನ ಹೆಸರೇ ಗೊತ್ತಾಗದೆ ಹಿಡಿಯುವುದು ಹೇಗೆ? ಜ್ವರ ಬಂದರೆ, ಕಾಲು ಕೆಂಪಾಗಿ ಊದಿದರೆ ರಾತ್ರಿಯಾದರೂ ಬನ್ನಿ ಎಂದು ನಂಬರ್ ಕೊಟ್ಟೆ. ಆ ಎರಡು ವಾರ ಸಕ್ಕರೆಗೆ ಇನ್ಸುಲಿನ್, ದಿನಕ್ಕೆ ಮೂರು ತತ್ತಿ, ಮಡಿಕೆಕಾಳು, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು. ಬೀಡಿ ಬಿಡಿಸಿದೆ. ಹೊಗೆಯಿಂದ ಸಣ್ಣ ರಕ್ತನಾಳಗಳು ಮುದುಡುತ್ತವೆ, ಮುಂದೆ ಮಾಡಬೇಕಿದ್ದ ಕೆಲಸವೆಲ್ಲ ರಕ್ತನಾಳದ್ದೇ.

ಫೆಬ್ರವರಿಯಲ್ಲಿ ಮೊದಲ ಆಪರೇಷನ್. ರಾಡ್ ಹೊರಗೆಳೆದಾಗ ಅದರ ಮೇಲೆ ಆರಿದ ಗಂಜಿಯ ಕೆನೆಯಂಥ ಪೊರೆ ಅಲ್ಲಲ್ಲಿ ಹತ್ತಿಕೊಂಡಿತ್ತು. ಬೆರಳಿಗೆ ಜಾರುತ್ತಿತ್ತು. ಐದು ಬೇರೆ ಬೇರೆ ಜಾಗದಿಂದ, ಪ್ರತಿ ಸಲ ಹೊಸ ಉಪಕರಣದಿಂದ, ಆಳದ ತುಣುಕುಗಳನ್ನು ತೆಗೆದು ಕಲ್ಚರ್‌ಗೆ ಹಾಕಿದೆವು. ಒಂದು ತುಣುಕು ಪೆಥಾಲಜಿಗೆ, ಒಂದು ಕ್ಷಯವನ್ನು ಪತ್ತೆ ಮಾಡುವ ಸಿಬಿನಾಟ್ ಪರೀಕ್ಷೆಗೆ. ನಮ್ಮ ಕಡೆ ತಿಂಗಳುಗಟ್ಟಲೆ ಸೋರುವ ಎಲುಬೆಂದರೆ ಕ್ಷಯ ಅಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬಾರದು. ಮಾದರಿ ತೆಗೆದ ಮೇಲಷ್ಟೇ ಆ್ಯಂಟಿಬಯೋಟಿಕ್ ಇಂಜೆಕ್ಷನ್. ಸತ್ತ ತುಂಡು ಕೈಗೆ ತಾನಾಗಿ ಬಂತು. ಒಣಗಿದ ಜೋಳದ ದಂಟಿನಂತೆ ಹಗುರ, ಬೆಳ್ಳಗೆ, ಅಂಚು ಕಚ್ಚಿದಂತೆ ಒರಟು. ಬಟ್ಟಲಿಗೆ ಹಾಕಿದಾಗ ಟಣ್ ಎಂದಿತು. ಜೀವಂತ ಎಲುಬು ಆ ಸದ್ದು ಮಾಡುವುದಿಲ್ಲ.

ಆಮೇಲೆ ಕೊರೆಯುವ ಯಂತ್ರದಿಂದ ಎಲುಬಿನ ತುದಿಗಳನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಬರಬೇಕು, ತಾಜಾ ಮುಖದ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಮೂಡುವವರೆಗೆ. ಆ ಚುಕ್ಕೆಗಳೇ ರಕ್ತನಾಳದ ಬಾಯಿಗಳು. ಚುಕ್ಕೆ ಮೂಡಿದರೆ ಅಲ್ಲಿಗೆ ನ್ಯೂಟ್ರೋಫಿಲ್ ಬರಬಲ್ಲದು, ಔಷಧ ಬರಬಲ್ಲದು. ಮೂಡದಿದ್ದರೆ ಅದು ಎಷ್ಟೇ ಗಟ್ಟಿಯಿದ್ದರೂ ಕೀಟಾಣುವಿನ ಮನೆ.

ಇಲ್ಲಿ ನಾನು ತಪ್ಪಿದೆ. ಮೇಲಿನ ತುದಿಯಲ್ಲಿ ಒಂದು ಕಡೆ ಚುಕ್ಕೆ ಮೂಡಿರಲಿಲ್ಲ. ಆದರೆ ಆ ಎಲುಬು ಮಾಂಸಕ್ಕೆ ಅಂಟಿಕೊಂಡಿತ್ತು. ಮೂರೂವರೆ ಸೆಂಟಿಮೀಟರ್ ಆಗಲೇ ಹೋಗಿದೆ, ಇಷ್ಟಾದರೂ ಉಳಿಯಲಿ ಎಂಬ ಆಸೆಯಲ್ಲಿ ಬಿಟ್ಟೆ. ಹೊರಗಿನಿಂದ ಎಲುಬನ್ನು ಹಿಡಿದಿಡುವ ಫಿಕ್ಸೇಟರ್ ಹಾಕಿ ಗಾಯವನ್ನು ಮುಚ್ಚಿದೆವು. ಸಿಆರ್‌ಪಿ ಆಪರೇಷನ್ ಆದ ಎರಡು ಮೂರು ದಿನ ಏರಿ, ಆಮೇಲೆ ಇಳಿಯಬೇಕು. ಇಳಿದದ್ದು ಎಂಟನೇ ದಿನ ಮತ್ತೆ ಏರತೊಡಗಿತು. ಒಂಬತ್ತನೇ ದಿನ ಡ್ರೆಸ್ಸಿಂಗ್ ಒದ್ದೆ. ಹನ್ನೊಂದನೇ ದಿನ ಮತ್ತೆ ತೆರೆದು, ಬಿಟ್ಟಿದ್ದ ಒಂದೂವರೆ ಸೆಂಟಿಮೀಟರನ್ನೂ ತೆಗೆದೆ. ಈ ಸಲ ಸುತ್ತಲೂ ಕೆಂಪು ಚುಕ್ಕೆ ಕಂಡ ಮೇಲೆಯೇ ಕೈ ಬಿಟ್ಟೆ. ಎಲುಬನ್ನು ಉಳಿಸುವ ನನ್ನ ಆಸೆಗೆ ಅವರು ಒಂದು ಆಪರೇಷನ್ ಹೆಚ್ಚಿಗೆ ಅನುಭವಿಸಬೇಕಾಯಿತು. ಅದನ್ನು ಅವರಿಗೆ ನೇರವಾಗಿ ಹೇಳಿದೆ.

ಐದರಲ್ಲಿ ನಾಲ್ಕು ಮಾದರಿಗಳಲ್ಲಿ ಒಂದೇ ಕೀಟಾಣು ಬೆಳೆಯಿತು, ಸ್ಟ್ಯಾಫಿಲೋಕಾಕಸ್ ಆರಿಯಸ್. ಆಳದ ಎರಡು ಮಾದರಿಗಳಲ್ಲಾದರೂ ಒಂದೇ ಕೀಟಾಣು ಬಂದರೆ ಮುರಿತದ ಸೋಂಕು ಖಚಿತ ಎಂಬ ಅಂತರರಾಷ್ಟ್ರೀಯ ಒಪ್ಪಂದ 2018ರದು. ಸಾಮಾನ್ಯ ಔಷಧಗಳಿಗೆ ಬಗ್ಗುವ ತಳಿಯೇ ಆಗಿತ್ತು, ಅಂದರೆ ಐದು ತಿಂಗಳು ಸೋತದ್ದು ಔಷಧದ ಬಲ ಸಾಲದೆ ಅಲ್ಲ. ಸಿಬಿನಾಟ್‌ನಲ್ಲಿ ಕ್ಷಯ ಇರಲಿಲ್ಲ. ಪೆಥಾಲಜಿಸ್ಟ್ ನನ್ನನ್ನು ಕರೆದು ಸ್ಲೈಡ್ ತೋರಿಸಿದರು. ದೊಡ್ಡದು ಮಾಡಿ ನೋಡಿದ ಒಂದೊಂದು ನೋಟದಲ್ಲೂ ಐದಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಇದ್ದರೆ ಸೋಂಕು ಎನ್ನುತ್ತೇವೆ, ಇಲ್ಲಿ ಎಣಿಸಲಾಗದಷ್ಟಿದ್ದವು. ಒಂದು ಮೂಲೆಯಲ್ಲಿ ಸತ್ತ ಎಲುಬು, ಅದರೊಳಗಿನ ಕೋಶದ ಗೂಡುಗಳೆಲ್ಲ ಖಾಲಿ. ಗೋಡೆಯ ಹೊರಗೆ ನೇರಳೆ ಬಣ್ಣದ ನ್ಯೂಟ್ರೋಫಿಲ್‌ಗಳು ಸಾಲುಗಟ್ಟಿ ನಿಂತಿದ್ದವು. ಒಳಗೆ ಒಂದೂ ಇರಲಿಲ್ಲ. ಆ ಸ್ಲೈಡಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ವಾರ್ಡಿಗೆ ಹೋಗಿ ರೈತರಿಗೆ ತೋರಿಸಿದೆ. "ಇವು ನಿಮ್ಮವು. ನೋಡ್ರಿ, ಎಷ್ಟು ಅದಾವ." ಬಹಳ ಹೊತ್ತು ನೋಡಿದರು. "ಹಂಗಾದ್ರ ಅವು ಬಂದಿದ್ವು" ಎಂದರು.

ಖಾಲಿಯಾದ ಐದು ಸೆಂಟಿಮೀಟರ್ ಜಾಗಕ್ಕೆ ಫ್ರೆಂಚ್ ಸರ್ಜನ್ ಮಾಸ್ಕೆಲೆ ಅವರ ವಿಧಾನವನ್ನು ಆರಿಸಿದ್ದೆವು: ಮೊದಲು ಸಿಮೆಂಟ್ ಇಟ್ಟು, ಅದರ ಸುತ್ತ ಪೊರೆ ಬೆಳೆದ ಮೇಲೆ ಸಿಮೆಂಟ್ ತೆಗೆದು ಎಲುಬು ತುಂಬುವುದು. ಇಲಿಜಾರೋವ್ ರಿಂಗ್ ಹಾಕಿ ದಿನಕ್ಕೆ ಒಂದು ಮಿಲಿಮೀಟರ್‌ನಂತೆ ಎಲುಬನ್ನು ಎಳೆದು ಬೆಳೆಸಬಹುದಿತ್ತು. ಅದೂ ಒಳ್ಳೆಯ ದಾರಿಯೇ, ಆದರೆ ರಿಂಗ್ ಹೊತ್ತು ತಿಂಗಳುಗಟ್ಟಲೆ ದಿನಕ್ಕೆ ನಾಲ್ಕು ಸಲ ತಿರುಪು ತಿರುಗಿಸುವುದು ಆಗದೆಂದು ಅವರೇ ಹೇಳಿದರು. ಎರಡನೇ ಆಪರೇಷನ್‌ನಲ್ಲಿ ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ, ಎಲುಬಿಗೆಂದೇ ಇರುವ ಸಿಮೆಂಟಿನ ಉಂಡೆಯನ್ನು ಆ ಜಾಗದಲ್ಲಿ ಇಟ್ಟೆವು. ರಕ್ತದ ಮೂಲಕ ತಲುಪಿಸಲಾಗದಷ್ಟು ಔಷಧ ಅಲ್ಲೇ ಊರುತ್ತಿರುತ್ತದೆ. ಅದೇ ಸಲ ಬೇರೆ ಊರಿನಿಂದ ಬಂದ ಪ್ಲಾಸ್ಟಿಕ್ ಸರ್ಜನ್ ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವನ್ನು ಅದರ ರಕ್ತನಾಳದ ಸಮೇತ ಮುಂದಕ್ಕೆ ತಿರುಗಿಸಿ ಎಲುಬಿನ ಮೇಲೆ ಹೊದಿಸಿದರು, ಮೇಲೆ ತೊಡೆಯ ಚರ್ಮ. ಐದು ತಿಂಗಳು ಒಣಗಿದ್ದ ಜಾಗಕ್ಕೆ ಹೊಸ ನಾಲೆ ತಿರುಗಿಸಿದ ಹಾಗೆ. ನೀರು ಬಂದರೆ ಗದ್ದೆಯಲ್ಲಿ ಏನಾಗುತ್ತದೆಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

ಆರು ವಾರ ಆ್ಯಂಟಿಬಯೋಟಿಕ್. ಆರೂ ವಾರ ಆಸ್ಪತ್ರೆಯಲ್ಲಿ ಮಲಗಿಸಿ ಸಲೈನ್ ಮೂಲಕ ಕೊಡಬೇಕೆಂಬ ಹಳೆಯ ಪಾಠವನ್ನು 2019ರಲ್ಲಿ ಬ್ರಿಟನ್ನಿನ 1,054 ರೋಗಿಗಳ ಮೇಲೆ ನಡೆದ ಅಧ್ಯಯನ ಬದಲಾಯಿಸಿತು: ಎಲುಬು ಕೀಲಿನ ಸೋಂಕಿಗೆ ಸರಿಯಾಗಿ ಆರಿಸಿದ ಗುಳಿಗೆಯೂ ಇಂಜೆಕ್ಷನ್‌ನಷ್ಟೇ ಫಲ ಕೊಡುತ್ತದೆ. ಹತ್ತು ದಿನ ಇಂಜೆಕ್ಷನ್, ಉಳಿದದ್ದು ಗುಳಿಗೆ ಎಂದು ಮನೆಗೆ ಕಳಿಸಿದೆ. ಒಬ್ಬ ರೈತ ಮನೆಯಲ್ಲಿದ್ದರೆ ಆಳಿಗೆ ಹೇಳಿ ಹೊಲ ನಡೆಸುತ್ತಾನೆ, ವಾರ್ಡಿನಲ್ಲಿದ್ದರೆ ಹೆಂಡತಿಯ ಕೂಲಿಯೂ ಹೋಗುತ್ತದೆ. ಕ್ಷಯಕ್ಕೂ ಕೊಡುವ ರಿಫಾಂಪಿಸಿನ್ ಔಷಧವನ್ನು ಕೊಡಲಿಲ್ಲ. ಒಳಗೆ ಲೋಹ ಉಳಿದಿರುವಾಗ ಬಯೋಫಿಲ್ಮ್ ಮೇಲೆ ಅದು ಕೆಲಸ ಮಾಡುತ್ತದೆ, ಇನ್ನೊಂದು ಔಷಧದ ಜೊತೆಯಲ್ಲಿ ಮಾತ್ರ. ಒಂಟಿಯಾಗಿ ಕೊಟ್ಟರೆ ಬಹಳ ಬೇಗ ನಿರೋಧ ಬೆಳೆಯುತ್ತದೆ, ಕ್ಷಯದ ಊರಿನಲ್ಲಿ ಆ ತಪ್ಪು ಇಡೀ ಊರಿಗೆ ತಟ್ಟುತ್ತದೆ.

ಎಂಟು ವಾರಕ್ಕೆ ಮೂರನೇ ಆಪರೇಷನ್, ಅದಕ್ಕೆ ಎರಡು ವಾರ ಮೊದಲೇ ಔಷಧ ಮುಗಿದಿತ್ತು. ಸಿಮೆಂಟ್ ಸುತ್ತ ಮೈ ತಾನೇ ಒಂದು ಪೊರೆ ಕಟ್ಟಿಕೊಂಡಿತ್ತು: ತೆಳು, ನಸುಗೆಂಪು, ಹೊಳೆಯುವ ಪೊರೆ, ಚಾಕು ತಾಗಿದಲ್ಲೆಲ್ಲ ರಕ್ತ ಒಸರುತ್ತಿತ್ತು. ಪರಕೀಯ ವಸ್ತುವಿಗೆ ನಿರೋಧಕ ಕೋಶಗಳು ಕೊಡುವ ಪ್ರತಿಕ್ರಿಯೆಯಿಂದಲೇ ಹುಟ್ಟುವ ಪೊರೆ ಇದು. ಹೊಸ ರಕ್ತನಾಳಕ್ಕೂ ಎಲುಬಿಗೂ ಬೇಕಾದ ಬೆಳವಣಿಗೆಯ ಅಂಶಗಳನ್ನು ಇದು ಒಸರಿಸುತ್ತದೆ. ರಾಡ್‌ನ ಸುತ್ತ ಎಲುಬನ್ನು ತಿಂದ ಅದೇ ವಂಶದ ಕೋಶಗಳು, ಕೀಟಾಣು ಇಲ್ಲದ ನೆಲದಲ್ಲಿ ಎಲುಬಿಗೆ ತೊಟ್ಟಿಲು ಕಟ್ಟಿದ್ದವು. ಸಿಮೆಂಟ್ ತೆಗೆದು, ಸೊಂಟದೆಲುಬಿನಿಂದ ತೆಗೆದ ಪುಡಿ ಎಲುಬನ್ನು ತುಂಬಿದೆವು.

"ಮತ್ತ ಕಬ್ಬಣ ಹಾಕ್ತೀರೇನ್ರಿ?" ಎಂದು ಹಿಂದಿನ ದಿನ ಅವರು ಕೇಳಿದ್ದರು. ನ್ಯಾಯವಾದ ಭಯ. ಎಲುಬು ಅಲುಗಿದರೆ ಹೊಸ ರಕ್ತನಾಳ ಉಳಿಯುವುದಿಲ್ಲ, ಅದಕ್ಕೆ ಪ್ಲೇಟ್ ಬೇಕೇ ಬೇಕು, ಈ ಸಲ ಅದರ ಸುತ್ತ ರಕ್ತ ಹರಿಯುವ ಮಾಂಸವಿದೆ ಎಂದು ವಿವರಿಸಿದೆ. ಮತ್ತೆ ಐದು ಮಾದರಿ ಕಳಿಸಿದೆವು. ಹದಿನಾಲ್ಕು ದಿನ ಕಾದರೂ ಏನೂ ಬೆಳೆಯಲಿಲ್ಲ. ವರದಿ ಬರುವವರೆಗೆಂದು ಮತ್ತೆ ಕೊಡುತ್ತಿದ್ದ ಆ್ಯಂಟಿಬಯೋಟಿಕ್ ಅನ್ನು ಅವತ್ತೇ ನಿಲ್ಲಿಸಿದೆ.

ನಾಲ್ಕನೇ ತಿಂಗಳು ಕೋಲು ಹಿಡಿದು ಅರ್ಧ ಭಾರ ಹಾಕಿದರು. ಆರನೇ ತಿಂಗಳ ಎಕ್ಸ್‌ರೇಯಲ್ಲಿ ಮೂರು ಬದಿಯಲ್ಲಿ ಎಲುಬು ಕೂಡಿತ್ತು, ಹಿಂಬದಿ ಇನ್ನೂ ತೆಳುವಾಗಿತ್ತು. ಎಚ್‌ಬಿಎ1ಸಿ 6.9, ಅಲ್ಬುಮಿನ್ 3.8. ಕಾಲು ಒಂದು ಸೆಂಟಿಮೀಟರ್ ಗಿಡ್ಡ, ಚಪ್ಪಲಿಯಲ್ಲಿ ಅಟ್ಟೆ ಹಾಕಿಸಿದ್ದಾರೆ. ಪಾದದ ಕೀಲು ಪೂರ್ತಿ ಮಡಚುವುದಿಲ್ಲ, ಕೆಸರು ಗದ್ದೆಯಲ್ಲಿ ಇಳಿದು ಕೆಲಸ ಮಾಡಲು ಅದು ತೊಡಕು.

ಕೊನೆಯ ಸಲ ಬಂದಾಗ ಅವರು ಕೇಳಿದರು, "ಹುಳ ಪೂರ್ತಿ ಹೋತೇನ್ರಿ ಈಗ?" ಹೋಗಿದೆ ಎಂದು ಹೇಳಲಿಲ್ಲ. ಎಲುಬಿನ ಸಣ್ಣ ನಾಲೆಯಲ್ಲಿ, ಎಲುಬು ಕಟ್ಟುವ ಕೋಶದೊಳಗೆ ಆರಿಯಸ್ ವರ್ಷಗಟ್ಟಲೆ ಸುಮ್ಮನೆ ಮಲಗಿ ಏಳಬಲ್ಲದು. ಇನ್ನೂ ಎರಡು ವರ್ಷ ಮೂರು ತಿಂಗಳಿಗೊಮ್ಮೆ ನೋಡುತ್ತೇನೆ. ಹೊಸದಾಗಿ ನೋವು, ಬಿಸಿ, ಒಂದು ಹನಿ ರಸಿಗೆ ಕಂಡರೂ ಯಾವ ಆ್ಯಂಟಿಬಯೋಟಿಕ್ ಗುಳಿಗೆಯನ್ನೂ ನುಂಗದೆ ಮೊದಲು ನನ್ನ ಬಳಿ ಬರಬೇಕು ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆದು ಕೊಟ್ಟೆ. ತಾಯಿ ಅದನ್ನು ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಮುಂದಿನ ತಾರೀಖು ಎರಡನೇ ಬೆಳೆಯ ನಾಟಿ ಮುಗಿದ ವಾರಕ್ಕೆ ಬಿದ್ದಿದೆ.